ಗುಣಾಕಾರದ ಹೊರೆ ಇಳಿಸಿದ ಜಾನ್ ನೇಪಿಯರ್

ಲಾಗ್ ಟೇಬಲ್ ಎಂದೊಡನೆ 50 ದಾಟಿದ ಅನೇಕರಿಗೆ ಕಾಲೇಜಿನ ದಿನಗಳು ನೆನಪಾಗುತ್ತವೆ. ಊರಿನಲ್ಲಿ ಪಿಯುಸಿಯಲ್ಲಿ ವಿಜ್ಞಾನ ಓದಿ ಉದ್ಯೋಗ ಅರಸಿಕೊಂಡು ಮುಂಬಯಿ, ಪುಣೆ ಸೇರಿದ ಹಿರಿಯರಲ್ಲಿ ಕ್ಲಾರ್ಕ್ಸ್ ಟೇಬಲ್ಸ್ ಎಂಬ ತೆಳ್ಳಗಿನ ಪುಸ್ತಕವನ್ನು ಕೈಯಲ್ಲಿ ಹಿಡಿಯದವರು ವಿರಳ. ಪುಟ ತಿರುಗಿಸಿದರೆ ಸಾಲು ಸಾಲು ಅಂಕೆಗಳಲ್ಲದೆ ಬೇರೇನೂ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರದ ಲೆಕ್ಕ ಬಿಡಿಸಲು ಮಾತ್ರ ಅದು ಬೇಕೇ ಬೇಕಿತ್ತು. ಈ ಅಂಕೆಗಳನ್ನು ಮೊದಲು ಕೂಡಿಸಿ ಇಟ್ಟವರು ಯಾರು, ಅದಕ್ಕೆ ಎಷ್ಟು ವರ್ಷ ಹಿಡಿಯಿತು ಎಂದು ಆಗ ಕೇಳಿದವರು ಕಡಿಮೆ.

ಆ ಹಿರಿಮೆ ಸಲ್ಲಬೇಕಾದದ್ದು ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಅವರಿಗೆ. ಅವರು ಯಾವ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕರಾಗಿರಲಿಲ್ಲ. ಜಮೀನು, ಗೇಣಿ, ಮನೆತನದ ವ್ಯವಹಾರ, ಹನ್ನೆರಡು ಮಕ್ಕಳ ಸಂಸಾರ ಇವುಗಳ ನಡುವೆ ಬಿಡುವು ಮಾಡಿಕೊಂಡು ಸುಮಾರು 20 ವರ್ಷ ಲೆಕ್ಕ ಹಾಕಿದ ಗೃಹಸ್ಥ ಅವರು. ತಮ್ಮ ಹೆಸರು ಉಳಿಯುವುದು ಬೇರೊಂದು ಗ್ರಂಥದಿಂದ ಎಂದು ಅವರು ನಂಬಿದ್ದರು. ಉಳಿದದ್ದು ಮಾತ್ರ ಲಾಗರಿದಂ, ಅಂದರೆ ನಮ್ಮ ಪಠ್ಯಪುಸ್ತಕಗಳು ಹೇಳುವ ಲಘುಗಣಕ.

ಬಾಲ್ಯ ಮತ್ತು ವಿದ್ಯಾಭ್ಯಾಸ

ನೇಪಿಯರ್ ಜನಿಸಿದ್ದು 1550ರಲ್ಲಿ, ಎಡಿನ್‌ಬರೋ ನಗರದ ಹೊರವಲಯದ ಮರ್ಚಿಸ್ಟನ್ ಕೋಟೆಮನೆಯಲ್ಲಿ. ಮಗ ಹುಟ್ಟಿದಾಗ ತಂದೆ ಆರ್ಚಿಬಾಲ್ಡ್ ನೇಪಿಯರ್ ಅವರಿಗೆ ಕೇವಲ 16 ವರ್ಷ. ತಾಯಿ ಜಾನೆಟ್ ಬಾತ್‌ವೆಲ್. ತಾಯಿಯ ಸೋದರ ಆಡಂ ಬಾತ್‌ವೆಲ್ ಆರ್ಕ್ನಿ ದ್ವೀಪಗಳ ಬಿಷಪ್ ಆಗಿದ್ದವರು. ಮನೆತನ ಸ್ಥಿತಿವಂತ, ಜಮೀನು, ಮಾನ, ಅರಮನೆಯ ಸಂಪರ್ಕ ಎಲ್ಲವೂ ಇತ್ತು.

1563ರಲ್ಲಿ, 13ನೇ ವಯಸ್ಸಿಗೆ, ಬಾಲಕ ಜಾನ್‌ನನ್ನು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸೇಂಟ್ ಸಾಲ್ವೇಟರ್ ಕಾಲೇಜಿಗೆ ಸೇರಿಸಲಾಯಿತು. ಅದೇ ವರ್ಷ ತಾಯಿ ತೀರಿಕೊಂಡರು. ಸೇಂಟ್ ಆಂಡ್ರೂಸ್‌ನಲ್ಲಿ ಅವರು ಪದವಿ ಪಡೆಯಲಿಲ್ಲ. ಅಲ್ಲಿಂದ ಯುರೋಪಿನ ಬೇರೆ ದೇಶಗಳಿಗೆ ಓದಲು ಹೋಗಿದ್ದರೆಂದು ಚರಿತ್ರಕಾರರ ಅಭಿಪ್ರಾಯ. 1571ರ ಹೊತ್ತಿಗೆ ಊರಿಗೆ ಮರಳಿದ್ದರು. ಆದರೆ ಸೇಂಟ್ ಆಂಡ್ರೂಸ್‌ನಲ್ಲಿ ಕೇಳಿದ ಧಾರ್ಮಿಕ ಪ್ರವಚನಗಳು ಅವರ ಮನಸ್ಸಿನಲ್ಲಿ ಆಳವಾಗಿ ಬೇರೂರಿದವು. ಸ್ಕಾಟ್ಲೆಂಡ್ ಆಗಷ್ಟೇ ಕ್ಯಾಥೊಲಿಕ್ ಪಂಥವನ್ನು ಬಿಟ್ಟು ಪ್ರಾಟೆಸ್ಟೆಂಟ್ ಪಂಥಕ್ಕೆ ಹೊರಳಿದ್ದ ಕಾಲವದು.

ಜಮೀನು, ಸಂಸಾರ, ಧರ್ಮಗ್ರಂಥ

1572ರಲ್ಲಿ ಎಲಿಜಬೆತ್ ಸ್ಟರ್ಲಿಂಗ್ ಎಂಬಾಕೆಯೊಂದಿಗೆ ವಿವಾಹವಾಯಿತು. ಗಾರ್ಟ್‌ನೆಸ್ ಎಂಬಲ್ಲಿ ಕಟ್ಟಿಸಿದ ಮನೆಯಲ್ಲಿ ದಂಪತಿ ವಾಸವಾಗಿದ್ದರು. ಇಬ್ಬರು ಮಕ್ಕಳನ್ನು ಬಿಟ್ಟು 1579ರಲ್ಲಿ ಎಲಿಜಬೆತ್ ನಿಧನರಾದರು. ಬಳಿಕ ಆಗ್ನೆಸ್ ಚಿಶೋಂ ಅವರನ್ನು ಮದುವೆಯಾದರು. ಈ ದಾಂಪತ್ಯದಲ್ಲಿ ಹತ್ತು ಮಕ್ಕಳಾದರು.

ನೇಪಿಯರ್ ಹೆಸರಿಗೆ ಮಾತ್ರ ಜಮೀನ್ದಾರರಾಗಿರಲಿಲ್ಲ. ಹೊಲಕ್ಕೆ ಉಪ್ಪನ್ನು ಗೊಬ್ಬರದಂತೆ ಬಳಸಿ ಇಳುವರಿ ಹೆಚ್ಚಿಸುವ ಪ್ರಯೋಗ ನಡೆಸಿದರು. ಕಲ್ಲಿದ್ದಲ ಗಣಿಯಲ್ಲಿ ತುಂಬುವ ನೀರನ್ನು ಮೇಲೆತ್ತುವ ತಿರುಗುವ ಯಂತ್ರವೊಂದನ್ನು ರೂಪಿಸಿ, ಅದರ ಹಕ್ಕನ್ನು ರಾಜನಿಂದ ಪಡೆದರು. ಸ್ಪೇನಿನ ಸೈನ್ಯ ದಂಡೆತ್ತಿ ಬರಬಹುದೆಂಬ ಭೀತಿ ಇದ್ದ ಆ ದಿನಗಳಲ್ಲಿ, 1596ರಲ್ಲಿ, ದೇಶರಕ್ಷಣೆಗಾಗಿ ಕೆಲವು ರಹಸ್ಯ ಸಾಧನಗಳ ಪಟ್ಟಿಯನ್ನೂ ಬರೆದರು. ಬಿಸಿಲನ್ನು ಒಂದೆಡೆ ಸೇರಿಸಿ ಶತ್ರುವಿನ ಹಡಗು ಸುಡುವ ಕನ್ನಡಿ, ಒಳಗೆ ಕುಳಿತ ಸೈನಿಕರು ಗುಂಡು ಹಾರಿಸುತ್ತಾ ಸಾಗುವ ಲೋಹದ ರಥ, ನೀರಿನಡಿಯಲ್ಲಿ ಚಲಿಸುವ ನೌಕೆ ಇವು ಅದರಲ್ಲಿದ್ದವು. ಇಂದಿನ ಟ್ಯಾಂಕ್ ಹಾಗೂ ಜಲಾಂತರ್ಗಾಮಿಯ ಕಲ್ಪನೆ ಅಲ್ಲಿ ಕಾಣುತ್ತದೆ.

ಅವರ ಹೃದಯಕ್ಕೆ ಅತಿ ಹತ್ತಿರವಾಗಿದ್ದದ್ದು ಮಾತ್ರ ಬೈಬಲಿನ ಕೊನೆಯ ಭಾಗವಾದ ಪ್ರಕಟನೆಯ ಮೇಲಿನ ವ್ಯಾಖ್ಯಾನ. 1593ರಲ್ಲಿ ಅದು ಪ್ರಕಟವಾಯಿತು. ಗಣಿತದ ಪ್ರಮೇಯಗಳನ್ನು ಸಾಧಿಸುವ ಕ್ರಮದಲ್ಲೇ ಧರ್ಮಗ್ರಂಥದ ಮಾತುಗಳನ್ನು ಜೋಡಿಸಿ, ಲೋಕದ ಅಂತ್ಯ 1688 ಮತ್ತು 1700ರ ನಡುವೆ ಬರುತ್ತದೆಂದು ಅವರು ಲೆಕ್ಕ ಹಾಕಿದ್ದರು. ಪುಸ್ತಕ ಡಚ್, ಫ್ರೆಂಚ್, ಜರ್ಮನ್ ಭಾಷೆಗಳಿಗೆ ಅನುವಾದಗೊಂಡು ಹಲವು ಮುದ್ರಣ ಕಂಡಿತು. ಗಣಿತಜ್ಞ ಎನಿಸಿಕೊಳ್ಳುವ ಮುನ್ನ ಯುರೋಪಿನಲ್ಲಿ ನೇಪಿಯರ್ ಪ್ರಸಿದ್ಧರಾದದ್ದು ಈ ಗ್ರಂಥದಿಂದಲೇ. ಆ ಲೆಕ್ಕ ಸುಳ್ಳಾಯಿತು, ಗ್ರಂಥ ಮರೆತುಹೋಯಿತು.

ಊರವರ ಕಣ್ಣಿನಲ್ಲಿ ಮಾಂತ್ರಿಕ

ರಾತ್ರಿ ಹೊತ್ತು ಒಬ್ಬರೇ ಅಡ್ಡಾಡುವ, ದೀಪದ ಬೆಳಕಿನಲ್ಲಿ ಏನೋ ಬರೆಯುತ್ತಾ ಕೂರುವ ಈ ಜಮೀನ್ದಾರರ ಬಗ್ಗೆ ಸುತ್ತಲಿನ ಜನರಲ್ಲಿ ಭಯವೂ ಇತ್ತು. ಮಾಟಮಂತ್ರ ಬಲ್ಲವರೆಂಬ ಮಾತು ಹರಡಿತ್ತು. ಗಾರ್ಟ್‌ನೆಸ್‌ನ ಮನೆಯ ಬಳಿ ಜಲಪಾತದ ಸದ್ದು ಸದಾ ಇರುತ್ತಿತ್ತು; ಅದು ಅವರಿಗೆ ತೊಂದರೆಯಾಗಲಿಲ್ಲ. ಎದುರಿಗಿದ್ದ ಹಿಟ್ಟಿನ ಗಿರಣಿಯ ಟಕಟಕ ಸದ್ದು ಮಾತ್ರ ಯೋಚನೆ ಕೆಡಿಸುತ್ತಿದ್ದುದರಿಂದ ಗಿರಣಿ ನಿಲ್ಲಿಸುವಂತೆ ಹೇಳಿಕಳುಹಿಸುತ್ತಿದ್ದರಂತೆ.

ಅವರ ಕಪ್ಪು ಹುಂಜದ ಕಥೆ ಬಹಳ ಪ್ರಸಿದ್ಧ. ಮನೆಯಲ್ಲಿ ಏನೋ ಕಳವಾಗಿತ್ತು. ಕೆಲಸದಾಳುಗಳಲ್ಲಿ ಯಾರೋ ಒಬ್ಬರು ಕದ್ದಿರಬೇಕೆಂಬ ಸಂಶಯ. ನೇಪಿಯರ್ ಕತ್ತಲೆ ಕೋಣೆಯಲ್ಲಿ ಹುಂಜವನ್ನು ಇರಿಸಿ, ಒಬ್ಬೊಬ್ಬರಾಗಿ ಒಳಗೆ ಹೋಗಿ ಅದರ ಬೆನ್ನು ಸವರಿ ಬರುವಂತೆ ಹೇಳಿದರು. ಕಳ್ಳ ಮುಟ್ಟಿದರೆ ಹುಂಜ ಕೂಗುತ್ತದೆ ಎಂದು ಎಲ್ಲರಿಗೂ ತಿಳಿಸಲಾಗಿತ್ತು. ಹುಂಜ ಕೂಗಲೇ ಇಲ್ಲ. ಎಲ್ಲರೂ ಹೊರಬಂದ ಮೇಲೆ ಕೈ ತೋರಿಸಲು ಹೇಳಿದರು. ಹುಂಜದ ಮೈಗೆ ಮೊದಲೇ ಮಸಿ ಬಳಿದಿತ್ತು. ಅಪರಾಧಿ ಹೆದರಿ ಅದನ್ನು ಮುಟ್ಟಿರಲಿಲ್ಲವಾದ್ದರಿಂದ ಅವನ ಕೈ ಮಾತ್ರ ಶುಭ್ರವಾಗಿತ್ತು. ಇದು ನಡೆದದ್ದೋ ಕಟ್ಟುಕಥೆಯೋ, ಜನ ಅವರನ್ನು ಕಂಡ ಬಗೆಯನ್ನಂತೂ ತೋರಿಸುತ್ತದೆ. ಮಂತ್ರವೆಂದು ಊರು ನಂಬಿದ್ದು ತರ್ಕವಾಗಿತ್ತು.

ಲೆಕ್ಕದ ಕಷ್ಟ

ನೇಪಿಯರ್ ಲಾಗರಿದಂ ಕಡೆಗೆ ಏಕೆ ಹೊರಳಿದರು ಎಂದು ತಿಳಿಯಬೇಕಾದರೆ ಅಂದಿನ ಸ್ಥಿತಿ ನೋಡಬೇಕು. ಸಮುದ್ರದಲ್ಲಿ ಹಡಗು ಎಲ್ಲಿದೆ ಎಂದು ತಿಳಿಯಲು ಸೂರ್ಯ, ನಕ್ಷತ್ರಗಳ ಕೋನ ಅಳೆದು ತ್ರಿಕೋನಮಿತಿಯ ಲೆಕ್ಕ ಮಾಡಬೇಕಿತ್ತು. ಖಗೋಳಶಾಸ್ತ್ರಜ್ಞರಂತೂ ದಿನವಿಡೀ ಏಳೆಂಟು ಅಂಕೆಗಳ ಸಂಖ್ಯೆಗಳನ್ನು ಗುಣಿಸಿ ಭಾಗಿಸುತ್ತಿದ್ದರು. ಏಳಂಕೆಯ ಎರಡು ಸಂಖ್ಯೆಗಳನ್ನು ಗುಣಿಸಲು 49 ಬಿಡಿ ಗುಣಾಕಾರ, ಮೇಲೆ ಅವುಗಳ ಸಂಕಲನ. ಒಂದು ಅಂಕೆ ತಪ್ಪಿದರೆ ಮತ್ತೆ ಮೊದಲಿನಿಂದ. ವರ್ಗಮೂಲ, ಘನಮೂಲವೆಂದರೆ ಕೇಳುವುದೇ ಬೇಡ.

ಈ ಹೊರೆಯನ್ನು ಇಳಿಸಲು ಡೆನ್ಮಾರ್ಕಿನ ಪ್ರಸಿದ್ಧ ಖಗೋಳಜ್ಞ ಟೈಕೋ ಬ್ರಾಹೆಯವರ ವೀಕ್ಷಣಾಲಯದಲ್ಲಿ ಒಂದು ಉಪಾಯ ಬಳಕೆಯಲ್ಲಿತ್ತು. ತ್ರಿಕೋನಮಿತಿಯ ಸೂತ್ರದ ಮೂಲಕ ಗುಣಾಕಾರವನ್ನು ಸಂಕಲನವಾಗಿ ಬದಲಾಯಿಸುವ ವಿಧಾನವದು. ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್ ತನ್ನ ವಧುವನ್ನು ಕರೆತರಲು 1589-90ರಲ್ಲಿ ಸಮುದ್ರ ದಾಟಿ ಹೋದಾಗ ಟೈಕೋ ಅವರ ದ್ವೀಪಕ್ಕೂ ಭೇಟಿ ನೀಡಿದ್ದ. ರಾಜನ ವೈದ್ಯ ಜಾನ್ ಕ್ರೇಗ್ ಅವರು ನೇಪಿಯರ್ ಅವರ ಸ್ನೇಹಿತರು. ಅವರ ಮೂಲಕ ಈ ವಿಧಾನದ ಸುದ್ದಿ ನೇಪಿಯರ್ ಅವರನ್ನು ತಲುಪಿತೆಂದು ಹೇಳಲಾಗುತ್ತದೆ. ಆದರೆ ಆ ಉಪಾಯ ಎಲ್ಲ ಲೆಕ್ಕಕ್ಕೂ ಒದಗುವಂತಿರಲಿಲ್ಲ. ಭಾಗಾಕಾರ, ಮೂಲ, ಘಾತ ಎಲ್ಲಕ್ಕೂ ಒದಗುವ ಒಂದೇ ದಾರಿ ಬೇಕಿತ್ತು.

ಎರಡು ಬಿಂದುಗಳ ಓಟ

ನೇಪಿಯರ್ ಕಂಡುಕೊಂಡ ದಾರಿಯನ್ನು ಹೀಗೆ ವಿವರಿಸಬಹುದು. 1, 2, 4, 8, 16, 32 ಎಂದು ದುಪ್ಪಟ್ಟಾಗುತ್ತಾ ಹೋಗುವ ಒಂದು ಸಾಲು. ಅದರ ಕೆಳಗೆ 0, 1, 2, 3, 4, 5 ಎಂದು ಒಂದೊಂದೇ ಕೂಡುತ್ತಾ ಹೋಗುವ ಇನ್ನೊಂದು ಸಾಲು. ಮೇಲಿನ ಸಾಲಿನ 4 ಮತ್ತು 8ನ್ನು ಗುಣಿಸಬೇಕೆಂದರೆ ಅವುಗಳ ಕೆಳಗಿರುವ 2 ಮತ್ತು 3ನ್ನು ಕೂಡಿದರೆ ಸಾಕು. 5 ಬಂತು. 5ರ ಮೇಲೆ 32 ಇದೆ. ಅದೇ ಉತ್ತರ. ಮೇಲೆ ಗುಣಾಕಾರ, ಕೆಳಗೆ ಸಂಕಲನ.

ಇದು ಹಳಬರಿಗೂ ಗೊತ್ತಿತ್ತು. ಕಷ್ಟವಿದ್ದದ್ದು 4 ಮತ್ತು 8ರ ನಡುವಣ 5, 6, 7ಕ್ಕೆ ಏನು ಮಾಡುವುದು ಎಂಬಲ್ಲಿ. ಇದಕ್ಕೆ ನೇಪಿಯರ್ ಎರಡು ಬಿಂದುಗಳನ್ನು ಕಲ್ಪಿಸಿದರು. ಒಂದು ಬಿಂದು ಒಂದೇ ವೇಗದಲ್ಲಿ ಓಡುತ್ತದೆ. ಇನ್ನೊಂದು ಗುರಿಯತ್ತ ಹೋಗುತ್ತಾ ನಿಧಾನವಾಗುತ್ತದೆ; ಗುರಿಗೆ ಎಷ್ಟು ದೂರ ಉಳಿದಿದೆಯೋ ಅಷ್ಟಕ್ಕೆ ತಕ್ಕಂತೆ ಅದರ ವೇಗ. ದೂರ ಅರ್ಧವಾದರೆ ವೇಗವೂ ಅರ್ಧ. ಎರಡನೆಯದು ಗುರಿಗೆ ಉಳಿಸಿಕೊಂಡ ದೂರಕ್ಕೆ, ಮೊದಲನೆಯದು ಅಷ್ಟರಲ್ಲಿ ಓಡಿದ ದೂರವೇ ಲಾಗರಿದಂ. ಗ್ರೀಕ್ ಭಾಷೆಯ ಅನುಪಾತ ಮತ್ತು ಸಂಖ್ಯೆ ಎಂಬ ಎರಡು ಪದಗಳನ್ನು ಕೂಡಿಸಿ ಈ ಹೆಸರನ್ನು ಅವರೇ ಇಟ್ಟರು. ಚಲನೆ ನಿರಂತರವಾದ್ದರಿಂದ ನಡುವಿನ ಯಾವ ಸಂಖ್ಯೆಯೂ ತಪ್ಪಿಹೋಗುವುದಿಲ್ಲ.

ನಿಧಾನವಾಗುತ್ತಾ ಹೋಗುವ ಆ ಎರಡನೆಯ ಬಿಂದುವಿನ ಓಟವನ್ನೇ ಇಂದಿನ ವಿಜ್ಞಾನ ಘಾತೀಯ ಇಳಿಕೆ ಎನ್ನುತ್ತದೆ. ಲೋಟದಲ್ಲಿಟ್ಟ ಬಿಸಿ ಚಹಾ ಮೊದಲು ಬೇಗ, ನಂತರ ನಿಧಾನವಾಗಿ ತಣಿಯುವುದು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ವಿಕಿರಣ ವಸ್ತು ಕ್ಷಯಿಸುವುದೂ ಅದೇ ನಿಯಮದಂತೆ.

ಇಪ್ಪತ್ತು ವರ್ಷಗಳ ದುಡಿಮೆ

ಕಲ್ಪನೆ ಹೊಳೆಯುವುದು ಒಂದು, ಕೋಷ್ಟಕ ಸಿದ್ಧಪಡಿಸುವುದು ಇನ್ನೊಂದು. ನೇಪಿಯರ್ 1,00,00,000 ಎಂಬ ಸಂಖ್ಯೆಯಿಂದ ಆರಂಭಿಸಿದರು. ಅದರ ಒಂದು ಕೋಟಿಯಲ್ಲಿ ಒಂದು ಭಾಗ ಕಳೆದರು, 99,99,999 ಬಂತು. ಅದರಲ್ಲಿ ಮತ್ತೆ ಒಂದು ಕೋಟಿಯಲ್ಲಿ ಒಂದು ಭಾಗ ಕಳೆದರು, 99,99,998.0000001 ಬಂತು. ಹೀಗೆ ನೂರು ಬಾರಿ. ಆಮೇಲೆ ದೊಡ್ಡ ಹೆಜ್ಜೆಯ ಎರಡನೇ ಪಟ್ಟಿ, ಇನ್ನೂ ದೊಡ್ಡ ಹೆಜ್ಜೆಯ ಮೂರನೇ ಪಟ್ಟಿ. ಈ ಪಟ್ಟಿಗಳ ಆಧಾರದಿಂದ 0ಯಿಂದ 90 ಡಿಗ್ರಿಯವರೆಗೆ ಪ್ರತಿಯೊಂದು ಮಿನಿಟಿನ ಕೋನದ ಸೈನ್‌ಗೂ ಲಾಗರಿದಂ ಕಂಡುಹಿಡಿದರು. 1 ಡಿಗ್ರಿಗೆ 60 ಮಿನಿಟ್, ಒಟ್ಟು 5,400. ಯಂತ್ರವಿಲ್ಲ, ಸಹಾಯಕರ ಪಡೆಯಿಲ್ಲ. ಹಕ್ಕಿಯ ಗರಿ, ಮಸಿ, ಕಾಗದ ಅಷ್ಟೇ.

ಎರಡನೇ ಪಟ್ಟಿಯ ಕೊನೆಯ ಸಂಖ್ಯೆಯಲ್ಲಿ ಒಂದು ಸಣ್ಣ ತಪ್ಪು ನುಸುಳಿತ್ತು. ಮುಂದಿನ ಲೆಕ್ಕಗಳೆಲ್ಲ ಅದರ ಮೇಲೆ ನಿಂತಿದ್ದುದರಿಂದ ಕೋಷ್ಟಕದ ಕೊನೆಯ ಅಂಕೆಗಳಿಗೆ ಅದರ ಸೋಂಕು ತಗುಲಿತು. ನಂತರದವರು ಅದನ್ನು ಪತ್ತೆಹಚ್ಚಿ ತಿದ್ದಿದರು. ಬಳಕೆಗೆ ಮಾತ್ರ ಅದರಿಂದ ಬಾಧಕವಾಗಲಿಲ್ಲ. ಒಬ್ಬ ಮನುಷ್ಯ ಒಂಟಿಯಾಗಿ ಎಷ್ಟು ಲೆಕ್ಕ ಹೊರಬಲ್ಲ ಎಂಬುದಕ್ಕೂ ಆ ತಪ್ಪು ಸಾಕ್ಷಿ.

1614ರಲ್ಲಿ ಎಡಿನ್‌ಬರೋದಲ್ಲಿ ಪುಸ್ತಕ ಬೆಳಕು ಕಂಡಿತು. ಲಾಗರಿದಂಗಳ ಅದ್ಭುತ ಕೋಷ್ಟಕದ ವಿವರಣೆ ಎಂಬ ಅರ್ಥದ ಲ್ಯಾಟಿನ್ ಶೀರ್ಷಿಕೆ ಅದಕ್ಕಿತ್ತು. 57 ಪುಟ ವಿವರಣೆ, 90 ಪುಟ ಕೋಷ್ಟಕ. ಲೇಖಕರಿಗೆ ಆಗ 64 ವರ್ಷ. ಯುದ್ಧದ ಸಾಧನಗಳನ್ನು ರಹಸ್ಯವೆಂದು ಬಚ್ಚಿಟ್ಟ ನೇಪಿಯರ್ ಇದನ್ನು ಬಚ್ಚಿಡಲಿಲ್ಲ. ಯಾರು ಬೇಕಾದರೂ ಓದಿ ಬಳಸುವಂತೆ ಅಚ್ಚುಹಾಕಿಸಿದರು.

ಲಂಡನ್ನಿನಿಂದ ಬಂದ ಅತಿಥಿ

ಈ ಪುಸ್ತಕ ಲಂಡನ್ನಿನ ಗ್ರೆಷಾಂ ಕಾಲೇಜಿನ ಜ್ಯಾಮಿತಿ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ ಅವರ ಕೈಸೇರಿತು. ಯಾರ್ಕ್‌ಷೈರಿನ ಹಳ್ಳಿಯಿಂದ ಬಂದ ಬ್ರಿಗ್ಸ್ ಅವರಿಗೂ ಆಗ 50 ದಾಟಿತ್ತು. ಓದಿ ಬೆರಗಾದ ಅವರು ಬೇಸಿಗೆ ರಜೆ ಬಂದೊಡನೆ 1615ರಲ್ಲಿ ಕುದುರೆಗಾಡಿ ಏರಿ ಎಡಿನ್‌ಬರೋಗೆ ಹೊರಟರು. ಕಡಿಮೆಯೆಂದರೂ ನಾಲ್ಕು ದಿನಗಳ ಪಯಣ. ಹೇಳಿದ ದಿನಕ್ಕೆ ಬರಲಾಗಲಿಲ್ಲ. ಅವರಿನ್ನು ಬರಲಾರರು ಎಂದು ನೇಪಿಯರ್ ಸ್ನೇಹಿತರೊಡನೆ ನಿರಾಶೆ ತೋಡಿಕೊಳ್ಳುತ್ತಿದ್ದಾಗಲೇ ಬಾಗಿಲು ತಟ್ಟಿದ ಸದ್ದಾಯಿತಂತೆ. ಒಳಬಂದ ಬ್ರಿಗ್ಸ್ ಮತ್ತು ಮನೆಯೊಡೆಯ ನೇಪಿಯರ್ ಒಬ್ಬರನ್ನೊಬ್ಬರು ನೋಡುತ್ತಾ ಕಾಲು ಗಂಟೆ ಮಾತೇ ಆಡದೆ ನಿಂತರೆಂದು ಅಂದಿನವರೊಬ್ಬರು ಬರೆದಿಟ್ಟಿದ್ದಾರೆ.

ಅತಿಥಿ ಒಂದು ತಿಂಗಳು ಅಲ್ಲೇ ಉಳಿದರು. ಕೋಷ್ಟಕವನ್ನು 10ರ ಆಧಾರದ ಮೇಲೆ ಹೊಸದಾಗಿ ಕಟ್ಟಿದರೆ ಬಳಕೆ ಇನ್ನೂ ಸುಲಭವಾಗುತ್ತದೆ ಎಂಬುದು ಬ್ರಿಗ್ಸ್ ಅವರ ಸಲಹೆ. 20 ವರ್ಷ ದುಡಿದು ಮಾಡಿದ್ದನ್ನು ಬದಲಿಸಬೇಕೆಂದರೆ ಯಾರಿಗಾದರೂ ನೋವಾಗುವುದು ಸಹಜ. ನೇಪಿಯರ್ ಮಾತ್ರ ತಮಗೂ ಅದೇ ಯೋಚನೆ ಬಂದಿತ್ತೆಂದೂ, ಆರೋಗ್ಯ ಕೈಕೊಟ್ಟಿದ್ದರಿಂದ ಕೈಹಾಕಲಿಲ್ಲವೆಂದೂ ತಿಳಿಸಿದರು. ಅಷ್ಟೇ ಅಲ್ಲ, 1ರ ಲಾಗರಿದಂ ಸೊನ್ನೆ ಆಗಿರಲಿ ಎಂಬ ಇನ್ನೂ ಉತ್ತಮ ತಿದ್ದುಪಡಿ ಸೂಚಿಸಿದರು. ಬ್ರಿಗ್ಸ್ ತಮ್ಮ ಯೋಜನೆ ಬಿಟ್ಟು ಅದನ್ನೇ ಒಪ್ಪಿಕೊಂಡರು. 1ಕ್ಕೆ 0, 10ಕ್ಕೆ 1, 100ಕ್ಕೆ 2, 1,000ಕ್ಕೆ 3 ಎಂಬ, ನಾವೆಲ್ಲ ಕಾಲೇಜಿನಲ್ಲಿ ಕಲಿತ ಲಾಗ್ ಹುಟ್ಟಿದ್ದು ಹೀಗೆ. ಯಾರ ಹೆಸರು ಮೇಲೆ ಬರಬೇಕೆಂಬ ತಕರಾರು ಇಬ್ಬರಲ್ಲೂ ಬರಲಿಲ್ಲ ಎಂಬುದು ಗಮನಾರ್ಹ.

ಮರುವರ್ಷ ಬ್ರಿಗ್ಸ್ ಮತ್ತೆ ಬಂದರು. ಮೂರನೇ ಸಲ 1617ರ ಬೇಸಿಗೆಯಲ್ಲಿ ಬರಬೇಕಿತ್ತು. ಅಷ್ಟರಲ್ಲಿ 1617ರ ಏಪ್ರಿಲ್ 4ರಂದು ನೇಪಿಯರ್ ಮರ್ಚಿಸ್ಟನ್‌ನಲ್ಲಿ ಕೊನೆಯುಸಿರೆಳೆದರು. ಬಹುಕಾಲದಿಂದ ಸಂಧಿವಾತ ಅವರನ್ನು ಕಾಡುತ್ತಿತ್ತು. ಅದೇ ವರ್ಷ ಅವರ ಇನ್ನೊಂದು ಪುಸ್ತಕ ಪ್ರಕಟವಾಗಿತ್ತು. ಅಂಕೆ ಕೆತ್ತಿದ ಕಡ್ಡಿಗಳನ್ನು ಪಕ್ಕಪಕ್ಕ ಜೋಡಿಸಿ ಗುಣಾಕಾರ ಮಾಡುವ ವಿಧಾನವನ್ನು ಅದು ಕಲಿಸುತ್ತಿತ್ತು. ನೇಪಿಯರನ ಮೂಳೆಗಳು ಎಂದೇ ಅವು ಜನಪ್ರಿಯವಾದವು. ಲಾಗರಿದಂ ಕೋಷ್ಟಕ ಕಟ್ಟಿದ ವಿಧಾನವನ್ನು ವಿವರಿಸುವ ಗ್ರಂಥವನ್ನು ಅವರ ಮಗ ರಾಬರ್ಟ್ 1619ರಲ್ಲಿ ಹೊರತಂದರು. ಪೂರ್ಣಾಂಕ ಮತ್ತು ಭಿನ್ನಾಂಕದ ನಡುವೆ ಚುಕ್ಕೆ ಇಡುವ ಪದ್ಧತಿ ರೂಢಿಯಾಗಲು ಆ ಗ್ರಂಥವೂ ಕಾರಣ.

ಬ್ರಿಗ್ಸ್ ಗೆಳೆಯನ ಕೆಲಸ ಕೈಬಿಡಲಿಲ್ಲ. 1617ರಲ್ಲಿ 1ರಿಂದ 1,000ದವರೆಗಿನ ಸಂಖ್ಯೆಗಳ ಲಾಗರಿದಂಗಳನ್ನು 14 ದಶಮಾಂಶ ಸ್ಥಾನಗಳವರೆಗೆ ಪ್ರಕಟಿಸಿದರು. ಇದಕ್ಕಾಗಿ 10ರ ವರ್ಗಮೂಲ, ಅದರ ವರ್ಗಮೂಲ, ಮತ್ತೆ ಅದರ ವರ್ಗಮೂಲ ಎಂದು 54 ಬಾರಿ ಕೈಯಿಂದಲೇ ಲೆಕ್ಕ ಹಾಕಿದ್ದರು. 1624ರ ಅವರ ದೊಡ್ಡ ಗ್ರಂಥದಲ್ಲಿ 1ರಿಂದ 20,000 ಹಾಗೂ 90,000ದಿಂದ 1,00,000ದವರೆಗಿನ ಸಂಖ್ಯೆಗಳಿದ್ದವು. ನಡುವೆ ಉಳಿದದ್ದನ್ನು ಹಾಲೆಂಡಿನ ಆಡ್ರಿಯಾನ್ ವ್ಲಾಕ್ 1628ರಲ್ಲಿ ತುಂಬಿದರು. ಮುಂದೆ ಸುಮಾರು 300 ವರ್ಷ ಜಗತ್ತು ಬಳಸಿದ ಕೋಷ್ಟಕಗಳ ತಾಯಿಬೇರು ಇದೇ.

ಆಕಾಶಕ್ಕೂ ಸಮುದ್ರಕ್ಕೂ

ಲಾಗರಿದಂನ ಬೆಲೆಯನ್ನು ಬೇಗ ಅರಿತವರಲ್ಲಿ ಜರ್ಮನಿಯ ಖಗೋಳಜ್ಞ ಯೋಹಾನ್ಸ್ ಕೆಪ್ಲರ್ ಪ್ರಮುಖರು. ಲೆಕ್ಕ ಹಗುರಾಯಿತೆಂದು ಗಣಿತದ ಪಂಡಿತರು ಹೀಗೆ ಮಕ್ಕಳಂತೆ ಕುಣಿಯುವುದು ಸರಿಯಲ್ಲ ಎಂಬ ಧೋರಣೆ ಅವರ ಗುರುಗಳದ್ದಾಗಿತ್ತು. ಕೆಪ್ಲರ್ ಅದಕ್ಕೆ ಉತ್ತರವಾಗಿ ಲಾಗರಿದಂ ಏಕೆ ಸರಿ ಎಂಬುದನ್ನು ತಮ್ಮದೇ ರೀತಿಯಲ್ಲಿ ಸಾಧಿಸಿ ತೋರಿಸಿದರು. ಗ್ರಹಗಳ ಸ್ಥಾನ ತಿಳಿಸುವ ಅವರ 1627ರ ರುಡಾಲ್ಫೀನ್ ಕೋಷ್ಟಕಗಳು ಸಿದ್ಧವಾದದ್ದು ಲಾಗರಿದಂ ಬಲದಿಂದ. 1620ರ ಪಂಚಾಂಗವನ್ನು ಅವರು ನೇಪಿಯರ್ ಅವರಿಗೆ ಅರ್ಪಿಸಿದ್ದರು. ಅರ್ಪಣೆ ಅಚ್ಚಾಗುವಾಗ ನೇಪಿಯರ್ ತೀರಿಕೊಂಡು ಮೂರು ವರ್ಷ ಸಮೀಪಿಸಿತ್ತು. ಸ್ವಿಟ್ಜರ್ಲೆಂಡಿನ ಗಡಿಯಾರ ತಯಾರಕ ಯೋಸ್ಟ್ ಬ್ಯೂರ್ಗಿ ಕೂಡ ಸ್ವತಂತ್ರವಾಗಿ ಇಂಥದೇ ಕೋಷ್ಟಕ ಕಟ್ಟಿದ್ದರು. ಅವರು ಅದನ್ನು ಅಚ್ಚುಹಾಕಿಸಿದ್ದು 1620ರಲ್ಲಿ. ಅಷ್ಟರಲ್ಲಿ ನೇಪಿಯರ್ ಅವರ ಪುಸ್ತಕ ಎಲ್ಲೆಡೆ ಹರಡಿತ್ತು.

ಭಾರತಕ್ಕೂ ಈ ಪುಸ್ತಕಕ್ಕೂ ಒಂದು ಹಳೆಯ ನಂಟಿದೆ. ನೌಕಾಯಾನದ ಗಣಿತದಲ್ಲಿ ಪರಿಣತರಾದ ಎಡ್ವರ್ಡ್ ರೈಟ್ ಎಂಬವರು ನೇಪಿಯರ್ ಅವರ ಲ್ಯಾಟಿನ್ ಪುಸ್ತಕವನ್ನು ನಾವಿಕರ ಉಪಯೋಗಕ್ಕಾಗಿ ಇಂಗ್ಲಿಷಿಗೆ ಅನುವಾದಿಸಿದರು. 1615ರಲ್ಲಿ ರೈಟ್ ನಿಧನರಾದಾಗ ಅವರ ಮಗ ಅದನ್ನು 1616ರಲ್ಲಿ ಪ್ರಕಟಿಸಿ ಈಸ್ಟ್ ಇಂಡಿಯಾ ಕಂಪನಿಗೆ ಅರ್ಪಿಸಿದರು. ಆಗ ಕಂಪನಿಯ ಹಡಗುಗಳು ಸೂರತ್‌ಗೆ ಬಂದು ಹೋಗುತ್ತಿದ್ದವು. ದಾರಿ ತಪ್ಪದೆ ಹಡಗು ದಡ ಸೇರುವುದಕ್ಕೆ ನೆರವಾದ ವಿದ್ಯೆಯೇ ನಮ್ಮ ಕರಾವಳಿಗೆ ಕಂಪನಿಯ ದಾರಿಯನ್ನೂ ಸುಗಮಗೊಳಿಸಿತು. ವಿದ್ಯೆ ಯಾರ ಕೈಗೆ ಹೋಗುತ್ತದೆ ಎಂಬುದು ಕಂಡುಹಿಡಿದವರ ಕೈಯಲ್ಲಿ ಇರುವುದಿಲ್ಲ.

ಮೂಡುಬಿದಿರೆಯ ಓಲೆಗರಿ

ಇಲ್ಲಿ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಇನ್ನೊಂದು ಸಂಗತಿ ಇದೆ. ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ವೀರಸೇನರು ಧವಲಾ ಎಂಬ ವ್ಯಾಖ್ಯಾನ ಬರೆದರು. ಇವರು ನೃಪತುಂಗನ ಗುರು ಜಿನಸೇನಾಚಾರ್ಯರಿಗೆ ಗುರುಗಳು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧ ಮಾಡಬಹುದು ಎಂಬುದನ್ನು ಅವರು ಅರ್ಧಚ್ಛೇದ ಎಂದು ಕರೆದರು. 32ರ ಅರ್ಧಚ್ಛೇದ 5. ಗುಣಲಬ್ಧದ ಅರ್ಧಚ್ಛೇದವು ಆಯಾ ಸಂಖ್ಯೆಗಳ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮವೂ ಅಲ್ಲಿದೆ. ಇಂದಿನ ಭಾಷೆಯಲ್ಲಿ ಇದು 2ರ ಆಧಾರದ ಲಾಗರಿದಂ. ಮೂರರಿಂದ ಭಾಗಿಸುವ ತ್ರಿಕಚ್ಛೇದವೂ ಅವರಿಗೆ ತಿಳಿದಿತ್ತು.

ಈ ಗ್ರಂಥದ ಓಲೆಗರಿಗಳು ಹಳಗನ್ನಡ ಲಿಪಿಯಲ್ಲಿ ದಕ್ಷಿಣ ಕನ್ನಡದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಅಚ್ಚಾಗತೊಡಗಿದ್ದು 1939ರಿಂದ. ವೀರಸೇನರದ್ದು ತತ್ತ್ವಚರ್ಚೆಯ ದೊಡ್ಡ ಸಂಖ್ಯೆಗಳನ್ನು ಅರಿಯುವ ಸಾಧನ. ನೇಪಿಯರ್ ಅವರದ್ದು ನಾವಿಕ, ಖಗೋಳಜ್ಞ ನಿತ್ಯ ಬಳಸುವ ಕೋಷ್ಟಕ. ಒಂದರಿಂದ ಇನ್ನೊಂದು ಬಂತೆಂದು ಹೇಳಲಾಗದು. ಆದರೆ ಒಂದು ವಿದ್ಯೆ ಬಸದಿಯ ಪೆಟ್ಟಿಗೆಯಲ್ಲಿ ಉಳಿದು, ಇನ್ನೊಂದು ಅಚ್ಚಿನ ಮನೆಗೆ ಹೋದಾಗ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಎರಡನ್ನೂ ಜೊತೆಗಿಟ್ಟು ನೋಡಿದರೆ ತಿಳಿಯುತ್ತದೆ.

ಇಂದಿಗೂ ಬಿಡದ ನಂಟು

ನೇಪಿಯರ್ ಅವರ ನಂತರ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಲಾಗರಿದಂ ಗೆರೆಗಳನ್ನು ಪಟ್ಟಿಯ ಮೇಲೆ ಕೊರೆದರು. ವಿಲಿಯಂ ಆಟ್ರೆಡ್ ಅಂಥ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದು ಸರಿಸಿ ಲೆಕ್ಕ ಮಾಡುವ ಸ್ಲೈಡ್ ರೂಲ್ ರೂಪಿಸಿದರು. ಸೇತುವೆ, ಅಣೆಕಟ್ಟು, ವಿಮಾನ ಎಲ್ಲವನ್ನೂ ಎಂಜಿನಿಯರುಗಳು ಈ ಪಟ್ಟಿ ಹಿಡಿದೇ ಲೆಕ್ಕ ಹಾಕಿದರು. 1972ರಲ್ಲಿ ಅಂಗೈಯಗಲದ ವೈಜ್ಞಾನಿಕ ಕ್ಯಾಲ್ಕ್ಯುಲೇಟರ್ ಬಂದ ಮೇಲೆ ಸ್ಲೈಡ್ ರೂಲ್ ಮೂಲೆ ಸೇರಿತು. ಲಾಗರಿದಂ ಮಾತ್ರ ಮೂಲೆ ಸೇರಲಿಲ್ಲ. ಆ ಕ್ಯಾಲ್ಕ್ಯುಲೇಟರಿನಲ್ಲೂ ಅದಕ್ಕೆಂದೇ ಒಂದು ಗುಂಡಿ ಇತ್ತು.

ಬ್ಯಾಂಕಿನಲ್ಲಿ ಶೇ. 8ರ ಚಕ್ರಬಡ್ಡಿಗೆ ಇಟ್ಟ 1 ಲಕ್ಷ ರೂಪಾಯಿ 2 ಲಕ್ಷವಾಗಲು ಎಷ್ಟು ವರ್ಷ ಬೇಕು? 2ರ ಲಾಗ್ 0.3010. 1.08ರ ಲಾಗ್ 0.0334. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 9. ಒಂಬತ್ತು ವರ್ಷ. ಗಣೇಶೋತ್ಸವದ ಮಂಟಪದಲ್ಲಿ ಒಂದು ಧ್ವನಿವರ್ಧಕದ ಜೊತೆ ಅಂಥದೇ ಇನ್ನೊಂದನ್ನು ಇಟ್ಟರೆ ಸದ್ದಿನ ಅಳತೆ ದುಪ್ಪಟ್ಟಾಗುವುದಿಲ್ಲ, ಸುಮಾರು 3 ಡೆಸಿಬೆಲ್ ಮಾತ್ರ ಏರುತ್ತದೆ. ಇಲ್ಲೂ ಅದೇ 0.3010, ಅದರ ಹತ್ತು ಪಟ್ಟು 3.

ಭೂಕಂಪದ ಅಳತೆಯೂ ಲಾಗರಿದಂ ಅಳತೆಯೇ. 1993ರ ಕಿಲ್ಲಾರಿ ಭೂಕಂಪದ ಪ್ರಮಾಣ ಸುಮಾರು 6.2. 2001ರ ಭುಜ್ ಭೂಕಂಪದ್ದು ಸುಮಾರು 7.7. ವ್ಯತ್ಯಾಸ ಬರೀ ಒಂದೂವರೆ ಎಂದು ತೋರುತ್ತದೆ. ವಾಸ್ತವವಾಗಿ ಭುಜ್‌ನಲ್ಲಿ ಹೊರಬಿದ್ದ ಶಕ್ತಿ ಕಿಲ್ಲಾರಿಗಿಂತ ಸುಮಾರು 180 ಪಟ್ಟು ಹೆಚ್ಚು. ಆಮ್ಲ, ಕ್ಷಾರ ಅಳೆಯುವ ಪಿಎಚ್ ಅಳತೆಯಲ್ಲೂ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಉತ್ಖನನದಲ್ಲಿ ಸಿಕ್ಕ ಮರದ ತುಂಡಿನಲ್ಲಿ ಕಾರ್ಬನ್-14 ಶೇ. 30 ಮಾತ್ರ ಉಳಿದಿದೆ ಎಂದಿಟ್ಟುಕೊಳ್ಳೋಣ. ಅದು ಅರ್ಧಕ್ಕೆ ಇಳಿಯಲು 5,730 ವರ್ಷ ಬೇಕು ಎಂಬುದು ಗೊತ್ತು. ಲಾಗ್ ಬಳಸಿದರೆ ಆ ಮರದ ವಯಸ್ಸು ಸುಮಾರು 9,950 ವರ್ಷ ಎಂದು ಎರಡೇ ಸಾಲಿನಲ್ಲಿ ಉತ್ತರ ಬರುತ್ತದೆ. ನಿಧಾನವಾಗುತ್ತಾ ಓಡಿದ ನೇಪಿಯರ್ ಅವರ ಬಿಂದು ಇಲ್ಲೂ ಓಡುತ್ತಿದೆ.

ನೇಪಿಯರ್ ಹುಟ್ಟಿ ಬೆಳೆದ ಮರ್ಚಿಸ್ಟನ್ ಕೋಟೆಮನೆ ಇಂದು ಅವರದ್ದೇ ಹೆಸರಿನ ಎಡಿನ್‌ಬರೋ ನೇಪಿಯರ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಸ್ವದೇಶದಲ್ಲಿ ಪದವಿ ಮುಗಿಸದ ವ್ಯಕ್ತಿಯ ಹೆಸರು ವಿಶ್ವವಿದ್ಯಾಲಯಕ್ಕೆ! ದೂರಸಂಪರ್ಕದಲ್ಲಿ ಸಂಕೇತ ಎಷ್ಟು ಕ್ಷೀಣಿಸಿತೆಂದು ಅಳೆಯುವ ನೇಪರ್ ಎಂಬ ಮಾನವೂ, ಚಂದ್ರನ ಮೇಲಿನ ಒಂದು ಕುಳಿಯೂ ಅವರ ಹೆಸರಿನಲ್ಲಿವೆ.

ನೌಕರಿ, ವ್ಯಾಪಾರ, ಸಂಸಾರದ ಜಂಜಾಟದಲ್ಲಿ ಬೇರೇನೂ ಮಾಡಲಾಗುತ್ತಿಲ್ಲ ಎಂಬ ಮಾತು ನಮ್ಮ ನಡುವೆ ಸಾಮಾನ್ಯ. ನೇಪಿಯರ್ ಅವರಿಗೂ ಜಂಜಾಟ ಕಡಿಮೆ ಇರಲಿಲ್ಲ. ಬಿಡುವಿನ ವೇಳೆಯ ಕೆಲಸವನ್ನೂ ಅವರು 20 ವರ್ಷ ಬಿಡದೆ ಮಾಡಿದರು, ಮುಗಿದ ಮೇಲೆ ಎಲ್ಲರಿಗೂ ಕೊಟ್ಟರು, ಇನ್ನೂ ಒಳ್ಳೆಯ ದಾರಿ ತೋರಿದಾಗ ತಮ್ಮದನ್ನು ಬದಲಿಸಲು ಒಪ್ಪಿದರು. ಮಕ್ಕಳ ಪುಸ್ತಕದಲ್ಲಿ ಲಾಗರಿದಂ ಪಾಠ ಬಂದಾಗ ಸೂತ್ರದ ಜೊತೆಗೆ ಈ ಹಿರಿಯರ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿದರೆ ಗಣಿತದ ಭಯ ಅರ್ಧವಾದರೂ ಇಳಿದೀತು.